ಗಾಜಿನ ತೊಟ್ಟಿಯಲ್ಲಿ ಬಸವನಹುಳು

ಪಟ್ಟಣದ ಮನೆಗಳಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಮೀನು ಸಾಕುವುದು ಈಗ ಅಪರೂಪದ ಸಂಗತಿಯೇನಲ್ಲ. ಮನೆಗೆ ಬಂದವರ ಕಣ್ಣು ಮೊದಲು ಹರಿಯುವುದು ಆ ತೊಟ್ಟಿಯ ಕಡೆಗೆ. ಅಲ್ಲಿಯೂ ಹೊಂಬಣ್ಣದ ಮೀನಿನ ಬಾಲದ ಬಳುಕಿನ ಕಡೆಗೆ. ಗಾಜಿನ ಒಂದು ಮೂಲೆಗೆ ಅಂಟಿಕೊಂಡು, ಇದ್ದೂ ಇಲ್ಲದಂತೆ ತನ್ನ ಪಾಡಿಗೆ ತಾನು ಸಾಗುತ್ತಿರುವ ಕಂದುಬಣ್ಣದ ಜೀವಿಯನ್ನು ಗಮನಿಸುವವರು ಕಡಮೆ. ಗಮನಿಸಿದರೂ, "ಅಯ್ಯೋ, ಈ ಹುಳು ಹೇಗೆ ಸೇರಿಕೊಂಡಿತು?" ಎಂದು ಕೇಳುವವರೇ ಹೆಚ್ಚು. ಆ ಹುಳುವಿನ ಪರವಾಗಿ ನಾಲ್ಕು ಮಾತು ಹೇಳುವುದು ಈ ಹೊತ್ತಿನ ನನ್ನ ಉದ್ದೇಶ. ಪ್ರಾಣಿಶಾಸ್ತ್ರ ನನ್ನ ವೃತ್ತಿಯಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಆದರೆ ಬಿಡುವು ದೊರೆತ ಮೇಲೆ ಕೆಲವು ವರ್ಷಗಳಿಂದ ಈ ಮೂಕಜೀವಿಗಳ ಸಹವಾಸ ನನಗಿದೆ. ಪಂಡಿತರಿಂದ ಓದಿ ತಿಳಿದದ್ದು, ಗಾಜಿನ ಮುಂದೆ ಕುಳಿತು ನೋಡಿ ತಿಳಿದದ್ದು ಎರಡನ್ನೂ ಕೂಡಿಸಿ ಹೇಳುತ್ತೇನೆ.

ಹೆಸರಿನಿಂದಲೇ ತೊಡಗೋಣ. ಬಸವನೆಂದರೆ ಗೂಳಿ, ಎತ್ತು. ನಡೆಯುವಾಗ ತಲೆಯ ಮೇಲೆ ನಿಮಿರುವ ಎರಡು ಕೊಂಬುಗಳನ್ನು ಕಂಡು ನಮ್ಮ ಜನ ಇದನ್ನು ಬಸವನಹುಳು ಎಂದು ಕರೆದರು. ಮುಟ್ಟಿದರೆ ಮುದುಡುವ ಈ ಬಸವನಿಗೆ ಹಾಯುವ ಶಕ್ತಿಯಿಲ್ಲ. ಆ ಕೊಂಬುಗಳು ದಾರಿಯನ್ನು ತಡವುವುದಕ್ಕೂ ಆಹಾರದ ವಾಸನೆ ಹಿಡಿಯುವುದಕ್ಕೂ ಇರುವ ಇಂದ್ರಿಯಗಳು. 'ಹುಳು' ಎಂಬುದೂ ರೂಢಿಯ ಮಾತು. ಶಾಸ್ತ್ರ ಇದನ್ನು ಮೃದ್ವಂಗಿಗಳ ಸಾಲಿಗೆ ಸೇರಿಸುತ್ತದೆ. ಕಪ್ಪೆಚಿಪ್ಪು, ಶಂಖ, ಕಡಲಿನ ಆಕ್ಟೋಪಸ್ ಇವೆಲ್ಲ ಇದರ ದಾಯಾದಿಗಳು. ಸಂಸ್ಕೃತದಲ್ಲಿ ಇದಕ್ಕೆ ಶಂಬೂಕವೆಂಬ ಹೆಸರುಂಟು. ಕುವೆಂಪು ಅವರ 'ಶೂದ್ರ ತಪಸ್ವಿ' ನಾಟಕದ ಮೂಲಕ ಕನ್ನಡಿಗರಿಗೆ ಹತ್ತಿರವಾದ, ರಾಮಾಯಣದ ಉತ್ತರಕಾಂಡದ ಆ ತಪಸ್ವಿಯ ಹೆಸರೂ ಅದೇ. ಗಾಜಿನ ಮೂಲೆಯಲ್ಲಿ ಮೌನವಾಗಿ ಕುಳಿತ ಜೀವಿಗೆ ಆ ಹೆಸರು ಒಪ್ಪುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಬಸವನಹುಳುವನ್ನು ತೊಟ್ಟಿಯ ಅಲಂಕಾರವೆಂದು ಕೆಲವರೂ ಉಪದ್ರವವೆಂದು ಹಲವರೂ ತಿಳಿಯುತ್ತಾರೆ. ಆದರೆ ಮನೆಯೊಳಗೆ ಮೀನುತೊಟ್ಟಿ ಎಂಬುದು ಸಾಧ್ಯವಾದ ಕಥೆಯಲ್ಲಿಯೇ ಇದಕ್ಕೆ ಗೌರವದ ಪಾತ್ರವೊಂದಿದೆ. ರಾಬರ್ಟ್ ವಾರಿಂಗ್ಟನ್ ಎಂಬಾತ ಲಂಡನ್ನಿನ ಒಬ್ಬ ರಸಾಯನಶಾಸ್ತ್ರಜ್ಞ. ನೀರನ್ನು ಮತ್ತೆ ಮತ್ತೆ ಬದಲಿಸದೆ ಮೀನನ್ನು ಬದುಕಿಸಬಹುದೇ ಎಂಬ ಪ್ರಶ್ನೆಯನ್ನು ಆತ ಕೈಗೆತ್ತಿಕೊಂಡ. ೧೮೪೯ರಲ್ಲಿ ೧೨ ಗ್ಯಾಲನ್, ಎಂದರೆ ಸುಮಾರು ೫೪ ಲೀಟರ್ ನೀರು ಹಿಡಿಯುವ ಗಾಜಿನ ಪಾತ್ರೆಯೊಂದರಲ್ಲಿ ಮರಳು ಹರಡಿ, ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನು ನೆಟ್ಟು, ಎರಡು ಪುಟ್ಟ ಹೊಂಬಣ್ಣದ ಮೀನುಗಳನ್ನು ಬಿಟ್ಟ. ಮೀನು ಹೊರಬಿಡುವ ಇಂಗಾಲಾಮ್ಲವನ್ನು ಗಿಡ ಹೀರುತ್ತದೆ. ಗಿಡ ಬೆಳಕಿನಲ್ಲಿ ಬಿಡುವ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ. ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಆದರೆ ಸ್ವಲ್ಪ ಕಾಲ ಕಳೆಯುವಷ್ಟರಲ್ಲಿ ಗಿಡದ ಹಳೆಯ ಎಲೆಗಳು ಕೊಳೆಯತೊಡಗಿದವು, ನೀರು ಬಗ್ಗಡವಾಯಿತು, ಗಾಜಿನ ಮೇಲೆ ಹಸುರು ಪಾಚಿ ಹಬ್ಬಿತು. ಕೊಳೆತದ್ದನ್ನು ಸಹಜವಾದ ಕೊಳಗಳಲ್ಲಿ ಯಾರು ತೆಗೆಯುತ್ತಾರೆಂದು ಯೋಚಿಸಿದ ವಾರಿಂಗ್ಟನ್ ಕೊಳದ ಕೆಲವು ಬಸವನಹುಳುಗಳನ್ನು ತಂದು ಪಾತ್ರೆಗೆ ಬಿಟ್ಟ. ಅವು ಕೊಳೆತ ಎಲೆಯನ್ನೂ ಪಾಚಿಯನ್ನೂ ಮೇಯ್ದವು, ನೀರು ತಿಳಿಯಾಯಿತು. ಅವುಗಳ ಮೊಟ್ಟೆಗಳು ಮೀನಿಗೆ ಆಹಾರವೂ ಆದವು. ಈ ಪ್ರಯೋಗದ ವಿವರವನ್ನು ಆತ ೧೮೫೦ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ೧೮೫೪ರಲ್ಲಿ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬರೆದ. ಹವ್ಯಾಸ ಮನೆಮನೆಗೂ ಹಬ್ಬಿತು. ಮೀನು, ಗಿಡ ಎಂಬ ಇಬ್ಬರ ಸಂಸಾರ ನಿಲ್ಲದೆ ಹೋದಾಗ ಅದನ್ನು ನಿಲ್ಲಿಸಿದ ಮೂರನೆಯವನು ಬಸವನಹುಳು.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಹುಳು ತೊಟ್ಟಿಯನ್ನು ಶುದ್ಧ ಮಾಡುತ್ತದೆಂಬ ಮಾತನ್ನು ಅಂಗಡಿಯವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಅದು ಅರ್ಧ ಸತ್ಯ. ತಿಂದದ್ದು ಎಲ್ಲಿಗೆ ಹೋಗಬೇಕು? ಹುಳುವೂ ಹೊಟ್ಟೆಯುಳ್ಳ ಪ್ರಾಣಿ. ಎಲೆಯಾಗಿ ಕೊಳೆಯುತ್ತಿದ್ದದ್ದನ್ನು ಅದು ಸಣ್ಣ ಹಿಕ್ಕೆಯಾಗಿ ಮಾರ್ಪಡಿಸುತ್ತದೆ, ಅಷ್ಟೆ. ಆ ಹಿಕ್ಕೆಯಿಂದಲೂ ಮೀನಿನ ಮಲದಿಂದಲೂ ಹುಟ್ಟುವ ಅಮೋನಿಯ ವಿಷ. ಮರಳಿನಲ್ಲಿಯೂ ಕಲ್ಲಿನ ಮೇಲೆಯೂ ನೆಲಸುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಕೊನೆಯದು ಅಷ್ಟಾಗಿ ಅಪಾಯಕರವಲ್ಲ. ಗಿಡಗಳಿಗೆ ಅದು ಗೊಬ್ಬರ. ಮಿಕ್ಕದ್ದನ್ನು ತೆಗೆಯಲು ನಾವು ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸುತ್ತೇವೆ. ಈ ಸೂಕ್ಷ್ಮಜೀವಿಗಳು ನೆಲೆಯೂರಲು ಕೆಲವು ವಾರಗಳೇ ಬೇಕು. ಇಂದು ತೊಟ್ಟಿ ತಂದು, ಇಂದೇ ನೀರು ತುಂಬಿ, ಇಂದೇ ಹುಳು ಬಿಟ್ಟರೆ ಅದು ಬಹುಮಟ್ಟಿಗೆ ಸಾಯುತ್ತದೆ. ಹರಿಯುವ ಹೊಳೆಗೆ ಮುಂದಿನ ಊರುಂಟು. ಗಾಜಿನ ತೊಟ್ಟಿಗೆ ಅದಿಲ್ಲ. ಒಳಗೆ ಹಾಕಿದ್ದೆಲ್ಲವೂ ಒಳಗೇ ಇರುತ್ತದೆ. ಮುಂದಿನ ನನ್ನ ಮಾತೆಲ್ಲ ಈ ಒಂದು ಸಂಗತಿಯನ್ನು ಆಧರಿಸಿದೆ.

ನಮ್ಮ ಕೆರೆ ಕುಂಟೆಗಳಲ್ಲಿ ಸಿಹಿನೀರಿನ ಬಸವನಹುಳುಗಳಿಗೆ ಬರವಿಲ್ಲ. ದೇಶದ ಇಂಥ ಜೀವಿಗಳ ಗುರುತನ್ನೆಲ್ಲ ಒಂದೆಡೆ ಕೊಡುವ ಎನ್. ವಿ. ಸುಬ್ಬರಾವ್ ಅವರ ಕೈಪಿಡಿಯನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ೧೯೮೯ರಲ್ಲಿ ಪ್ರಕಟಿಸಿತು. ತೊಟ್ಟಿ ಸಾಕುವವನು ಎಲ್ಲವನ್ನೂ ತಿಳಿಯಬೇಕಾಗಿಲ್ಲ. ನಾಲ್ಕೈದರ ಪರಿಚಯ ಸಾಕು. ಎಲ್ಲಕ್ಕೂ ದೊಡ್ಡದು ಪೈಲಾ, ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೂ ಮೀರಿ ಬೆಳೆಯುವ ದುಂಡು ಚಿಪ್ಪಿನ ಹುಳು. ಹಿಂದಿನ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಕೊಯ್ದು ಕಲಿತರು; ಬೈನಿ ಪ್ರಸಾದ್ ಅವರು ೧೯೨೫ರಲ್ಲಿ ಇದರ ಅಂಗರಚನೆಯನ್ನು ಕುರಿತು ಬರೆದ ಪ್ರಬಂಧ ಆ ಕ್ಷೇತ್ರದಲ್ಲಿ ಹೆಸರಾದದ್ದು. ಎರಡನೆಯದು ಬೆಲ್ಲಾಮ್ಯ, ಚಿಪ್ಪಿನ ಮೇಲೆ ಕಂದು ಪಟ್ಟೆಗಳಿರುವ ಇದು ಮೊಟ್ಟೆಯಿಡದೆ ಪುಟ್ಟ ಚಿಪ್ಪು ಹೊತ್ತ ಮರಿಗಳನ್ನೇ ಹೆರುತ್ತದೆ. ಮೂರನೆಯದು ಲಿಮ್ನಿಯ, ತೆಳು ಚಿಪ್ಪು, ಅಗಲವಾದ ಬಾಯಿ. ನಾಲ್ಕನೆಯದು ಇಂಡೋಪ್ಲನಾರ್ಬಿಸ್, ಸುರುಳಿ ಸುತ್ತಿದ ಟಗರುಕೊಂಬಿನಂತೆ ಚಪ್ಪಟೆಯಾಗಿರುವ ಇದರ ನೆತ್ತರು ನಮ್ಮ ನೆತ್ತರಿನಂತೆ ಕೆಂಪು, ಏಕೆಂದರೆ ಅದರಲ್ಲಿಯೂ ಹೀಮೋಗ್ಲೋಬಿನ್ ಇದೆ. ಪೈಲಾದ ನೆತ್ತರಿನಲ್ಲಿರುವುದು ತಾಮ್ರವುಳ್ಳ ಬೇರೊಂದು ದ್ರವ್ಯ; ಅದರ ಬಣ್ಣ ತಿಳಿನೀಲಿ. ಐದನೆಯದು ಮೆಲನಾಯ್ಡಿಸ್, ಉದ್ದನೆಯ ಚೂಪು ಶಂಕುವಿನಂತಿದ್ದು, ಹಗಲೆಲ್ಲ ಮರಳಿನಲ್ಲಿ ಹುದುಗಿರುತ್ತದೆ, ಇರುಳು ಹೊರಬರುತ್ತದೆ. ಉಳುವ ಎರೆಹುಳುವಿನಂತೆ ಮರಳನ್ನು ಸಡಿಲಗೊಳಿಸುವುದು ಅದರ ಉಪಕಾರ. ಹಗಲಿನಲ್ಲಿಯೇ ಅವೆಲ್ಲವೂ ಗಾಜನ್ನೇರಿ ಮೇಲಕ್ಕೆ ಬರುತ್ತಿದ್ದರೆ ನೀರು ಕೆಟ್ಟಿದೆಯೆಂದು ತಿಳಿಯಬಹುದು.

ಈ ಜೀವಿಗಳನ್ನು ನೋಡುವುದಕ್ಕೆ ತಾಳ್ಮೆಯೊಂದೇ ಬಂಡವಾಳ. ಪಾಚಿ ಹಿಡಿದ ಗಾಜಿನ ಹೊರಗೆ ಕುಳಿತು ಒಂದು ಹುಳುವಿನ ಬಾಯನ್ನೇ ನೋಡುತ್ತಿರಿ. ಬಾಯಿ ತೆರೆಯುತ್ತದೆ, ಒಳಗಿನಿಂದ ನಾಲಿಗೆಯಂಥದೊಂದು ಹೊರಬಂದು ಗಾಜನ್ನು ಒರಸಿ ಹಿಂದೆಗೆಯುತ್ತದೆ. ಆ ನಾಲಿಗೆಯ ಮೇಲೆ ಅರದ ಮೇಲಿನಂತೆ ಸಾಲುಸಾಲಾಗಿ ಸಣ್ಣ ಹಲ್ಲುಗಳಿವೆ. ಮುಂದಿನವು ಸವೆದಂತೆ ಹಿಂದಿನಿಂದ ಹೊಸವು ಬರುತ್ತಿರುತ್ತವೆ. ಹುಳು ತಲೆಯನ್ನು ಆ ಕಡೆ ಈ ಕಡೆ ತೂಗುತ್ತ ಮುಂದುವರಿಯುವುದರಿಂದ ಹಸುರು ಗಾಜಿನ ಮೇಲೆ ಅಂಕುಡೊಂಕಾದ ತಿಳಿಗೆರೆಯೊಂದು ಮೂಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ರಾತ್ರಿಯ ದಿನಚರಿಯನ್ನು ಅದು ಗಾಜಿನ ಮೇಲೆ ಬರೆದಿಟ್ಟಂತಿರುತ್ತದೆ. ಲಿಮ್ನಿಯದಂಥವು ಇನ್ನೊಂದು ಸೋಜಿಗವನ್ನೂ ತೋರಿಸುತ್ತವೆ. ನೀರಿನ ಮೇಲ್ಮೈಯ ಒಳಬದಿಗೆ ಪಾದವನ್ನು ಅಂಟಿಸಿ, ತಲೆಕೆಳಗಾಗಿ, ಸೂರಿನ ಮೇಲೆ ನಡೆದಂತೆ ತೇಲಿ ಹೋಗುತ್ತವೆ. ಪಾದದ ಅಡಿಯಲ್ಲಿರುವ ಸೂಕ್ಷ್ಮವಾದ ರೋಮಗಳು, ಅವಕ್ಕೆ ಹಾಸಾಗಿ ತಾನೇ ಸುರಿಸಿಕೊಳ್ಳುವ ಲೋಳೆ, ಇವೆರಡರ ಬಲದಿಂದ ಆ ನಡಿಗೆ ಸಾಧ್ಯವಾಗುತ್ತದೆ. ಕಣ್ಣುಗಳ ವಿಚಾರದಲ್ಲಿಯೂ ಭೇದವುಂಟು. ತೋಟದ ನೆಲದ ಬಸವನಹುಳುವಿಗೆ ಕಣ್ಣು ಕೊಂಬಿನ ತುದಿಯಲ್ಲಿ. ಲಿಮ್ನಿಯಕ್ಕೆ ಕೊಂಬಿನ ಬುಡದಲ್ಲಿ.

ಉಸಿರಾಟದಲ್ಲಿ ಪೈಲಾ ಎಲ್ಲಕ್ಕಿಂತ ಮುಂದು. ಅದಕ್ಕೆ ಮೀನಿನಂತೆ ಕಿವಿರೂ ಉಂಟು, ನಮ್ಮಂತೆ ಗಾಳಿ ತುಂಬಿಕೊಳ್ಳುವ ಪುಪ್ಪುಸದ ಚೀಲವೂ ಉಂಟು. ನೀರಿನಲ್ಲಿ ಪ್ರಾಣವಾಯು ಕಡಮೆಯಾದಾಗ ಅದು ಮೇಲಕ್ಕೆ ಬಂದು ತೊಗಲಿನ ನಳಿಗೆಯೊಂದನ್ನು ನೀರಿನ ಮೇಲಕ್ಕೆ ಚಾಚಿ, ಮೈಯನ್ನು ತಿದಿಯಂತೆ ಹಿಂದೆ ಮುಂದೆ ಆಡಿಸುತ್ತ ಗಾಳಿಯನ್ನೆಳೆದುಕೊಳ್ಳುತ್ತದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಈ ಎರಡನೆಯ ಏರ್ಪಾಟಿನ ಮಹತ್ವ ತಿಳಿಯುತ್ತದೆ. ಪೈಲಾ ಕೆಸರಿನೊಳಕ್ಕೆ ಇಳಿದು, ಪಾದದ ಹಿಂಭಾಗದಲ್ಲಿರುವ ಗಟ್ಟಿಯಾದ ಮುಚ್ಚಳದಿಂದ ಚಿಪ್ಪಿನ ಬಾಗಿಲು ಹಾಕಿಕೊಂಡು, ಉಣಿಸು ತಿನಿಸುಗಳಿಲ್ಲದೆ ತಿಂಗಳುಗಟ್ಟಲೆ ಮಲಗುತ್ತದೆ. ಮೇಲಿನ ನೆಲ ಬಿರಿದು ದನಗಳು ಓಡಾಡುತ್ತಿರುತ್ತವೆ. ಮಳೆ ಬಿದ್ದು ಕೆರೆಯಂಗಳ ನೆನೆದಾಗ ಬಾಗಿಲು ತೆರೆಯುತ್ತದೆ. ಮಳೆಯನ್ನು ನಂಬಿದ ಬಯಲುಸೀಮೆಯ ಬದುಕಿಗೆ ಇದಕ್ಕಿಂತ ಒಗ್ಗಿದ ಜೀವಿಯನ್ನು ಕಾಣುವುದು ಕಷ್ಟ.

ಚಿಪ್ಪಿನ ಸುರುಳಿಯನ್ನು ಕುರಿತು ಒಂದು ಮಾತು. ನಮ್ಮಲ್ಲಿ ಬಲಮುರಿ ಶಂಖಕ್ಕೆ ಇರುವ ಬೆಲೆ ಎಲ್ಲರಿಗೂ ಗೊತ್ತು. ಶಾಸ್ತ್ರಜ್ಞರ ಮಾತಿನಲ್ಲಿ ಆ ಬಲಮುರಿ ಶಂಖವೇ ಎಡಸುರುಳಿಯದು! ವಿರೋಧವೇನೂ ಇಲ್ಲ, ಹಿಡಿಯುವ ಕ್ರಮ ಬೇರೆ. ಪ್ರಾಣಿಶಾಸ್ತ್ರಜ್ಞ ಚಿಪ್ಪಿನ ಶಿಖರವನ್ನು ಮೇಲೆ ಮಾಡಿ, ಬಾಯನ್ನು ತನ್ನ ಕಡೆಗೆ ತಿರುಗಿಸಿ, ಬಾಯಿ ಯಾವ ಪಕ್ಕದಲ್ಲಿದೆಯೆಂದು ನೋಡುತ್ತಾನೆ. ನಾವು ಪೂಜೆಯಲ್ಲಿ ಶಿಖರವನ್ನು ಕೆಳಗೆ ಮಾಡಿ ಹಿಡಿಯುತ್ತೇವೆ. ಪಕ್ಕ ಅದಲುಬದಲಾಗುತ್ತದೆ. ತೊಟ್ಟಿಯ ಹುಳುಗಳಲ್ಲಿ ಪೈಲಾ, ಲಿಮ್ನಿಯಗಳದು ಸಾಮಾನ್ಯವಾಗಿ ಶಾಸ್ತ್ರದ ಬಲಸುರುಳಿ; ಇಂಡೋಪ್ಲನಾರ್ಬಿಸ್‌ದು ಎಡಸುರುಳಿ. ಲಿಮ್ನಿಯದ ಬಂಧುವೊಂದರಲ್ಲಿ ಅಪರೂಪವಾಗಿ ಎಡಸುರುಳಿಯವು ಹುಟ್ಟುವುದನ್ನು ಬ್ರಿಟನ್ನಿನ ಬಾಯ್ಕಾಟ್ ಮತ್ತು ಡೈವರ್ ಎಂಬವರು ಪರಿಶೀಲಿಸಿ ೧೯೨೩ರಲ್ಲಿ ಪ್ರಕಟಿಸಿದರು. ಮರಿಯ ಸುರುಳಿ ಯಾವ ಕಡೆಗೆ ಎಂಬುದನ್ನು ನಿರ್ಧರಿಸುವುದು ಮರಿಯ ಸ್ವಂತ ವಂಶವಾಹಿಯಲ್ಲ, ತಾಯಿಯದು ಎಂದು ಆ ಸಂಶೋಧನೆಗಳಿಂದ ತಿಳಿಯಿತು. ತಾಯಿಯ ಋಣ ಚಿಪ್ಪಿನ ತಿರುವಿನಲ್ಲಿಯೂ ಉಳಿಯುತ್ತದೆಂದಾಯಿತು.

ಇನ್ನು ಸಾಕುವ ಕ್ರಮ. ಹುಳುವಿಗೆ ಬೇಕಾದ ಮೊದಲನೆಯ ವಸ್ತು ಸುಣ್ಣದ ಅಂಶ. ಚಿಪ್ಪು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೆದು ನೀರಿನಲ್ಲಿ, ಅದರಲ್ಲಿಯೂ ಹುಳಿಗುಣದ ನೀರಿನಲ್ಲಿ, ಚಿಪ್ಪಿನ ಶಿಖರ ಸವೆದು ಬೆಳ್ಳಗೆ ಗುಳಿ ಬೀಳುತ್ತದೆ. ಬೇಳೆ ಬೇಯದ, ಸೋಪು ನೊರೆಯೇಳದ ಕೊಳವೆಬಾವಿಯ ಗಡಸು ನೀರನ್ನು ನಮ್ಮ ಗೃಹಿಣಿಯರು ಶಪಿಸುತ್ತಾರೆ. ಬಸವನಹುಳುವಿಗೆ ಅದೇ ಹಿತ. ಹೊಳೆಯ ಮೆದು ನೀರು ಬರುವ ಊರುಗಳಲ್ಲಿ ತೊಳೆದು ಒಣಗಿಸಿದ ಮೊಟ್ಟೆಯ ಓಡನ್ನೋ ಸಮುದ್ರಫೇನದ ಚೂರನ್ನೋ ತೊಟ್ಟಿಯಲ್ಲಿರಿಸಬೇಕು. ಎಲೆಗೆ ಬಳಿಯುವ ಸುಣ್ಣವನ್ನು ಮಾತ್ರ ಹಾಕಬಾರದು. ಅದರ ಕ್ಷಾರಕ್ಕೆ ಹುಳುವೂ ಉಳಿಯದು, ಮೀನೂ ಉಳಿಯದು.

ಎರಡನೆಯದಾಗಿ, ತಾಮ್ರ ಬಸವನಹುಳುವಿನ ಶತ್ರು. ಮೀನಿನ ಕಾಯಿಲೆಗೆಂದು ಅಂಗಡಿಯಲ್ಲಿ ಮಾರುವ ಕೆಲವು ಔಷಧಗಳಲ್ಲಿ ತೋಟಗಾರರು ಬಲ್ಲ ಮೈಲುತುತ್ತವೇ ಇರುತ್ತದೆ. ಮೀನಿನ ಕಾಯಿಲೆ ವಾಸಿಯಾಗುವಷ್ಟರಲ್ಲಿ ಹುಳುಗಳ ಸಂಸಾರ ಮುಗಿದಿರುತ್ತದೆ. ಕುಡಿಯಲೆಂದು ತಾಮ್ರದ ಕೊಡದಲ್ಲಿಟ್ಟ ನೀರು ನಮಗೆ ಎಷ್ಟೇ ಪ್ರಿಯವಾದರೂ ತೊಟ್ಟಿಗೆ ಬೇಡ. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಹೋಗಲು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು ಬಳಸುವುದು ವಾಡಿಕೆ. ನೀರಿನ ಶಾಖ ೨೦ರಿಂದ ೨೮ ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ನಮ್ಮ ಬಹುಪಾಲು ಊರುಗಳಲ್ಲಿ ಇದಕ್ಕೆ ಯಂತ್ರವೇನೂ ಬೇಡ. ರಾಯಚೂರು, ಕಲಬುರಗಿಯಂಥ ಕಡೆ ಬೇಸಗೆಯಲ್ಲಿ ಶಾಖ ೪೦ ಡಿಗ್ರಿಯನ್ನು ದಾಟುವುದರಿಂದ ತೊಟ್ಟಿಯನ್ನು ತಂಪಾದ ಕೋಣೆಯಲ್ಲಿರಿಸಿ ನೀರಿಗೆ ಗಾಳಿಯಾಡುವಂತೆ ಮಾಡಬೇಕು. ಕಾದ ನೀರು ಪ್ರಾಣವಾಯುವನ್ನು ಕಡಮೆ ಹಿಡಿದುಕೊಳ್ಳುತ್ತದೆ. ತೊಟ್ಟಿಗೆ ಸಂದುಗಳುಳ್ಳ ಮುಚ್ಚಳವಿರಲಿ, ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳು ಗಾಳಿ ಇರಲಿ. ಪೈಲಾ ರಾತ್ರಿ ಗಾಜನ್ನೇರಿ ಹೊರಬಿದ್ದರೆ ಬೆಳಗ್ಗೆ ಅದು ಒಡೆದ ಚಿಪ್ಪಿನೊಡನೆ ಸಿಗಬಹುದು.

ಆಹಾರಕ್ಕೆ ಅಡಿಗೆಮನೆಯೇ ಸಾಕು. ಸೌತೆಕಾಯಿಯ ಬಿಲ್ಲೆ, ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್ ಸೊಪ್ಪು, ಎಲೆಕೋಸಿನ ಎಲೆ, ಇವನ್ನು ಚೆನ್ನಾಗಿ ತೊಳೆದು ರಾತ್ರಿ ಹಾಕಿ, ಮಿಕ್ಕದ್ದನ್ನು ಬೆಳಗ್ಗೆ ತೆಗೆಯಬೇಕು. ತೋಟದಲ್ಲಿ ಸಿಂಪಡಿಸಿದ ಕೀಟನಾಶಕದ ಲೇಶವೂ ಉಳಿಯಬಾರದು. ಗಾಜಿಗಂಟಿದ ಹುಳುವನ್ನು ಸೆಟೆದು ಕೀಳಬಾರದು. ಮೆಲ್ಲಗೆ ಪಕ್ಕಕ್ಕೆ ಜಾರಿಸಿದರೆ ತಾನೇ ಬಿಡುತ್ತದೆ. ೪೦ ಲೀಟರಿನ ತೊಟ್ಟಿಗೆ ದೊಡ್ಡ ಹುಳುಗಳು ಎರಡು ಮೂರಕ್ಕಿಂತ ಹೆಚ್ಚು ಬೇಡ. ಸತ್ತದ್ದನ್ನು ಕೂಡಲೇ ತೆಗೆಯಬೇಕು; ಒಂದು ಹೆಣ ತೊಟ್ಟಿಯೆಲ್ಲವನ್ನೂ ಕೆಡಿಸಬಲ್ಲದು. ಕದಲದಿರುವುದೆಲ್ಲ ಸತ್ತಿರುವುದಿಲ್ಲ, ಬಾಗಿಲು ಹಾಕಿ ಮಲಗಿರಬಹುದು. ಮುಚ್ಚಳ ಸಡಿಲವಾಗಿ, ದುರ್ವಾಸನೆ ಬಂದರೆ ಮಾತ್ರ ಸಂದೇಹವಿಲ್ಲ.

ಈಗ ಎಲ್ಲರೂ ದೂರುವ ವಿಷಯಕ್ಕೆ ಬರುತ್ತೇನೆ. "ಗಿಡದ ಜೊತೆ ಒಂದೇ ಒಂದು ಬಂತು, ಎರಡು ತಿಂಗಳಲ್ಲಿ ನೂರಾಯಿತು" ಎಂದು ತೊಟ್ಟಿಯ ಯಜಮಾನರು ಗೋಳಾಡುತ್ತಾರೆ. ಒಂದೇ ಬಂದು ನೂರಾಗುವುದು ಸಾಧ್ಯ. ಲಿಮ್ನಿಯ, ಇಂಡೋಪ್ಲನಾರ್ಬಿಸ್‌ಗಳಲ್ಲಿ ಒಂದೊಂದು ಹುಳುವೂ ಹೆಣ್ಣೂ ಹೌದು, ಗಂಡೂ ಹೌದು. ಜೊತೆಗಾರನಿಲ್ಲದಿದ್ದರೆ ತಾನೊಂದೇ ಫಲಿಸಬಲ್ಲದು. ಮೆಲನಾಯ್ಡಿಸ್‌ನಲ್ಲಿ ಬಹುಮಟ್ಟಿಗೆ ಹೆಣ್ಣುಗಳೇ ಗಂಡಿನ ನೆರವಿಲ್ಲದೆ ಮರಿ ಹಾಕುತ್ತವೆ. ಪೈಲಾದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಮೊಟ್ಟೆಯನ್ನಿಡಲು ಅದು ದಡದ ತೇವದ ಮಣ್ಣನ್ನು ಹುಡುಕುತ್ತದೆ. ಆದರೆ ಹುಟ್ಟಬಲ್ಲ ಶಕ್ತಿ ಬೇರೆ, ಹುಟ್ಟಿದವು ಉಳಿದು ನೂರಾಗುವುದು ಬೇರೆ. ನೂರು ಬಾಯಿಗೆ ಕೂಳು ಎಲ್ಲಿಂದ ಬಂತು? ಅದನ್ನು ಹಾಕಿದವರು ನಾವೇ. ಮೀನು ಬಾಯಿ ತೆರೆದಾಗಲೆಲ್ಲ ಹಸಿವೆಂದು ತಿಳಿದು ಚಿಟಿಕೆಯ ಮೇಲೆ ಚಿಟಿಕೆ ಹಾಕುತ್ತೇವೆ. ಮೀನು ತಿಂದು ಬಿಟ್ಟದ್ದು ಮರಳಿನಲ್ಲಿ ಕೂರುತ್ತದೆ. ಹುಳು ಅದನ್ನು ತಿಂದು, ತನ್ನ ಸಂತಾನದ ಮೂಲಕ ನಮಗೆ ಅದರ ಲೆಕ್ಕ ಒಪ್ಪಿಸುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನಮ್ಮ ಹಿರಿಯರದು. ತೊಟ್ಟಿಯಲ್ಲಿ ಆ ಅತಿ ಎಷ್ಟೆಂಬುದನ್ನು ಹುಳುಗಳ ಸಂಖ್ಯೆ ತೋರಿಸುತ್ತದೆ. ಹುಳು ಹೆಚ್ಚಿತೆಂದು ವಿಷ ಹಾಕುವ ಮೊದಲು ಮೀನಿನ ಆಹಾರವನ್ನು ಅರ್ಧಕ್ಕೆ ಇಳಿಸಿ ನೋಡಿ. ಕೆಲವು ವಾರಗಳಲ್ಲಿ ಸಂಖ್ಯೆ ತಾನಾಗಿ ತಗ್ಗುತ್ತದೆ. ಎಲೆಯ ಅಡಿಯಲ್ಲಿಯೂ ಗಾಜಿನ ಮೇಲೆಯೂ ಲೋಳೆಯ ಪಟ್ಟಿಯಂತೆ ಅಂಟಿರುವ ಮೊಟ್ಟೆಗಳನ್ನು ಒಡೆಯುವ ಮುನ್ನವೇ ಕೆರೆದು ತೆಗೆಯಬಹುದು. ರಾತ್ರಿ ಒಂದು ಎಲೆಕೋಸಿನ ಎಲೆಯನ್ನು ಇಳಿಬಿಟ್ಟು, ಬೆಳಗ್ಗೆ ಅದಕ್ಕೆ ಮುತ್ತಿದವನ್ನು ಎಲೆಯೊಡನೆ ಮೇಲೆತ್ತಬಹುದು.

ಮೇಲೆತ್ತಿದವನ್ನು ಏನು ಮಾಡುವುದು? ಈ ಪ್ರಶ್ನೆಗೆ ನಾವು ಕೊಡುವ ಉತ್ತರದಲ್ಲಿ ನಮ್ಮ ಮನೆಯಾಚೆಯ ಬದುಕಿನ ಹಿತ ಅಡಗಿದೆ. ಸಾಕಿದ್ದನ್ನು ಕೊಲ್ಲಲು ಮನಸ್ಸು ಬಾರದೆ, "ಪಾಪ, ಕೆರೆಗೆ ಬಿಟ್ಟುಬಿಡೋಣ" ಎಂದು ದಯಾವಂತರು ಹೇಳುತ್ತಾರೆ. ಆ ದಯೆಯಿಂದ ಆದ ಅನಾಹುತ ಸಣ್ಣದಲ್ಲ. ಅಂಗಡಿಗಳಲ್ಲಿ ಹಳದಿ, ನೀಲಿ ಬಣ್ಣಗಳಲ್ಲಿ ಮಾರುವ ಚೆಲುವಾದ ಹುಳುಗಳು ನಮ್ಮ ಪೈಲಾದವಲ್ಲ. ಪೊಮಾಸಿಯ ಎಂಬ ದಕ್ಷಿಣ ಅಮೆರಿಕದ ಕುಲದವು. ಆ ಕುಲದ ಒಂದು ಜಾತಿಯನ್ನು ೧೯೮೦ರ ಸುಮಾರಿಗೆ ತಿನ್ನುವುದಕ್ಕಾಗಿ ಬೆಳೆಸಲು ತೈವಾನಿಗೆ ತಂದರು. ಜನಕ್ಕೆ ಅದರ ರುಚಿ ಹಿಡಿಸಲಿಲ್ಲ. ಹುಳು ಕಾಲುವೆ ಸೇರಿತು. ಅಲ್ಲಿಯೂ, ಫಿಲಿಪ್ಪೀನ್ಸ್, ವಿಯೆಟ್ನಾಂ ಮೊದಲಾದ ದೇಶಗಳಲ್ಲಿಯೂ ಅದು ಎಳೆಯ ಭತ್ತದ ಪೈರನ್ನು ಮೇಯ್ದು ರೈತರನ್ನು ಕಂಗೆಡಿಸಿತು. ನೀರಿನ ಮೇಲಿನ ಕಡ್ಡಿಗ��ಗೆ ಅಂಟಿರುವ ಅದರ ಗುಲಾಬಿ ಬಣ್ಣದ ಮೊಟ್ಟೆಯ ಗೊಂಚಲು ಅಲ್ಲಿನ ಗದ್ದೆಗಳಲ್ಲಿ ಅಪಶಕುನ. ೨೦೧೨ರಲ್ಲಿ ಐರೋಪ್ಯ ಒಕ್ಕೂಟ ಆ ಕುಲವನ್ನೇ ಒಳಗೆ ತರಬಾರದೆಂದು ನಿಷೇಧಿಸಿತು.

ನಮ್ಮ ದೇಶದಲ್ಲಿಯೂ ಇದಕ್ಕೆ ಹಳೆಯ ನಿದರ್ಶನವಿದೆ. ಅದು ನೆಲದ ಹುಳುವಿನದಾದರೂ ಪಾಠ ಒಂದೇ. ೧೮೪೭ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಚಿಪ್ಪುತಜ್ಞ ಆಫ್ರಿಕದ ದೈತ್ಯ ಬಸವನಹುಳುವನ್ನು ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದ. ಅದು ಚೌರಂಗಿಯ ತೋಟವೊಂದನ್ನು ಸೇರಿತು. ಕುತೂಹಲದಿಂದ ಆದ ಆ ಕೆಲಸದ ಫಲವಾಗಿ ದೇಶದಲ್ಲಿ ಕಾಲಿಟ್ಟ ಹುಳು ಇಂದು ಕರ್ನಾಟಕದಲ್ಲಿಯೂ ಇದೆ. ಕೊಡಗಿನ ಕಾಫಿ ಬೆಳೆಗಾರರು ಮಳೆಗಾಲದಲ್ಲಿ ಅದನ್ನು ಚೀಲಗಟ್ಟಲೆ ಹೆಕ್ಕಬೇಕಾಗಿ ಬಂದಿದೆ. ತೊಟ್ಟಿಯಿಂದ ಹೊರಬಿದ್ದ ಸಕ್ಕರ್ ಮೀನು ದಕ್ಷಿಣ ಭಾರತದ ಅನೇಕ ಕೆರೆ ಹೊಳೆಗಳಲ್ಲಿ ಬೆಳೆದು ಬೆಸ್ತರ ಬಲೆಗಳನ್ನು ಹರಿಯುತ್ತಿರುವುದನ್ನೂ ಇಲ್ಲಿ ನೆನೆಯಬಹುದು. ತೊಟ್ಟಿಯ ನೀರನ್ನು ಬಚ್ಚಲಿಗೆ ಚೆಲ್ಲಿದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಚರಂಡಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ, ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ಹರಿಯುವಂತೆ ನಮ್ಮ ಹಿರಿಯರು ನೀರಿಗೆ ದಾರಿ ಕಟ್ಟಿದ್ದಾರೆ. ಪರದೇಶದ ಒಂದು ಮೊಟ್ಟೆಗೂ ಆ ದಾರಿ ತೆರೆದಿದೆ.

ಆದ್ದರಿಂದ ಮಿಕ್ಕ ಹುಳುವನ್ನು ಸಾಕುವ ಇನ್ನೊಬ್ಬರಿಗೆ ಕೊಡಿ. ಇಲ್ಲವೇ ತಂದ ಅಂಗಡಿಗೇ ಹಿಂದಿರುಗಿಸಿ. ಅದೂ ಆಗದಿದ್ದರೆ ಜಜ್ಜಿ ಮೀನಿಗೋ ಕೋಳಿಗೋ ಹಾಕುವುದು, ಗೊಬ್ಬರದ ಗುಂಡಿಯಲ್ಲಿ ಹೂಳುವುದು ನಿಷ್ಠುರವೆನಿಸಿದರೂ ಕೆರೆಗೆ ಬಿಡುವುದಕ್ಕಿಂತ ಕರುಣೆಯ ಕೆಲಸ. ತೊಟ್ಟಿಯ ನೀರನ್ನು ಕುಂಡದ ಗಿಡಗಳಿಗೆ ಹಾಕಿ. ನೈಟ್ರೇಟ್ ಇರುವ ಆ ನೀರು ಅವಕ್ಕೆ ಪುಷ್ಟಿ. ಹಾಗೆಯೇ ಕೆರೆಯಿಂದ ನೇರವಾಗಿ ಹುಳುವನ್ನು ಮನೆಗೆ ತರುವಾಗಲೂ ವಿವೇಚನೆ ಬೇಕು. ದನಗಳ ಯಕೃತ್ತನ್ನು ಹಾಳುಮಾಡುವ ಚಪ್ಪಟೆ ಹುಳುವಿಗೆ ಲಿಮ್ನಿಯವೂ, ದನಗಳ ಮೂಗಿಗೆ ತಗುಲಿ ಗೊರಕೆಯಂಥ ಉಸಿರು ತರುವ ಪರಾವಲಂಬಿಗೆ ಇಂಡೋಪ್ಲನಾರ್ಬಿಸ್ಸೂ ನಡುದಾರಿಯ ಆಸರೆ. ಅಂಥ ಪರಾವಲಂಬಿಗಳ ಮರಿಗಳು ನಮ್ಮ ಚರ್ಮಕ್ಕೆ ತಗುಲಿದರೆ ತುರಿಕೆಯೇಳುವುದುಂಟು. ತೊಟ್ಟಿಯಲ್ಲಿ ಕೈಯಾಡಿಸಿದ ಮೇಲೆ ಸೋಪಿನಿಂದ ತೊಳೆಯುವುದು ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ.

ಮಕ್ಕಳ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಮನೆಯ ಮಕ್ಕಳಿಗೆ ಮೀನನ್ನು ತೋರಿಸುವುದಕ್ಕೆ ಯಾರೂ ಬೇಡ; ಅದು ತಾನೇ ಕಣ್ಣನ್ನು ಸೆಳೆಯುತ್ತದೆ. ಹುಳುವನ್ನು ತೋರಿಸುವುದಕ್ಕೆ ಹಿರಿಯರೊಬ್ಬರು ಪಕ್ಕದಲ್ಲಿ ಕೂರಬೇಕು. ವಾರಕ್ಕೊಮ್ಮೆ ಹುಳುಗಳನ್ನು ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿ. ಪಕ್ಕದ ಸಾಲಿನಲ್ಲಿ ಆ ವಾರ ಹಾಕಿದ ಆಹಾರ ಎಷ್ಟು ಚಿಟಿಕೆ ಎಂಬುದೂ ಇರಲಿ. ಕೆಲವು ತಿಂಗಳು ಕಳೆದ ಮೇಲೆ ಎರಡು ಸಾಲುಗಳನ್ನು ಜೊತೆಯಾಗಿ ಓದಿದರೆ, ಹಾಕಿದ್ದೆಲ್ಲ ಎಲ್ಲಿಯೋ ಒಂದು ಕಡೆ ಲೆಕ್ಕಕ್ಕೆ ಬಂದೇ ಬರುತ್ತದೆಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಅದನ್ನು ಕಂಡುಕೊಂಡ ಮಗು ನಾಳೆ ಊರಿನ ಕೆರೆಯ ದಂಡೆಯ ಮೇಲೆ ನಿಂತಾಗ ಕೈಯಲ್ಲಿರುವುದನ್ನು ನೀರಿಗೆ ಎಸೆಯುವ ಮುನ್ನ ಒಂದು ಗಳಿಗೆ ಯೋಚಿಸೀತು.

(ಬಾನುಲಿ ಭಾಷಣ)